ಪೂರ್ತಿ ಹೆಸರೇನಪ್ಪಾ?

ಬೆಂಗಳೂರಿನ ಯುವಜನರನ್ನು ಅತಿ ಹೆಚ್ಚು ಅಧ್ಯಯನ ಮಾಡಿರುವವರು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಅವರು ಗ್ರೌಂಡ್ ಫ್ಲೋರಿನಲ್ಲಿದ್ದಾರೆ. ಪಂಚೆ ಉಟ್ಟು, ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪೇಪರಿನ ಮೇಲಿಂದ ಕಣ್ಣೆತ್ತಿ ನೋಡುತ್ತಾರೆ. ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿರುವ ಮನೆ ಓನರ್‌ಗಳು ಅವರು. ಅವರ ಪ್ರಶ್ನಾವಳಿ ಎಲ್ಲೂ ಅಚ್ಚಾಗಿಲ್ಲ. ಆದರೂ ವಿಜಯನಗರದಲ್ಲಿ ಕೇಳಿದ್ದನ್ನೇ ಬನಶಂಕರಿಯಲ್ಲೂ ಕೇಳುತ್ತಾರೆ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ.

ಊರು ಯಾವುದು? ಏನು ಕೆಲಸ? ಕಂಪನಿ ಯಾವುದು? ಮದುವೆ ಆಗಿದೆಯಾ? ವೆಜ್ಜಾ, ನಾನ್‌ವೆಜ್ಜಾ? ಫ್ರೆಂಡ್ಸು ಬಂದು ಹೋಗಿ ಮಾಡ್ತಾರಾ? ರಾತ್ರಿ ಎಷ್ಟು ಗಂಟೆಗೆ ಬರ್ತೀರಿ?

ಅಸ್ಮಿತೆ, ಮೌಲ್ಯ, ನಗರ ಜೀವನ ಅಂತ ಮೂರು ಅಧ್ಯಾಯ ಮಾಡಿಕೊಂಡು ಪಿಎಚ್‌ಡಿ ಹುಡುಗರು ನಾಲ್ಕೈದು ವರ್ಷ ಒದ್ದಾಡುವುದು ಇಷ್ಟಕ್ಕೇ ಅಲ್ವಾ? ಓನರ್ ಇದನ್ನು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಫಲಿತಾಂಶವೂ ಅಲ್ಲೇ ಪ್ರಕಟವಾಗುತ್ತದೆ. ಒಂದೋ ಬೀಗದ ಕೈ ತರಲು ಒಳಗೆ ಹೋಗುತ್ತಾರೆ, ಇಲ್ಲವೇ 'ನಿನ್ನೇನೇ ಒಬ್ಬರು ನೋಡ್ಕೊಂಡು ಹೋದ್ರು, ಅವರು ಬೇಡ ಅಂದ್ರೆ ಹೇಳ್ತೀವಿ' ಅನ್ನುತ್ತಾರೆ. ಆ ಒಬ್ಬರು ಎಷ್ಟೋ ವರ್ಷದಿಂದ ಬೆಂಗಳೂರಿನ ಎಲ್ಲ ಮನೆಗಳನ್ನೂ ನಿನ್ನೆಯೇ ನೋಡಿಕೊಂಡು ಹೋಗುತ್ತಿದ್ದಾರೆ.

ಯುವಜನ ಅಂದರೆ ಯಾರು ಅನ್ನುವುದರಲ್ಲೇ ವಿದ್ವಾಂಸರಿಗೆ ತಕರಾರಿದೆ. ವಿಶ್ವಸಂಸ್ಥೆ 15ರಿಂದ 24 ವರ್ಷ ಅನ್ನುತ್ತದೆ. ನಮ್ಮ ಕೇಂದ್ರ ಸರ್ಕಾರದ 2003ರ ಯುವ ನೀತಿಯಲ್ಲಿ 13ರಿಂದ 35 ಇತ್ತು. 2014ರ ನೀತಿ ಬಂದಾಗ ಅದು 15ರಿಂದ 29ಕ್ಕೆ ಇಳಿಯಿತು. ಮೂವತ್ತು ದಾಟಿದ ಎಷ್ಟೋ ಜನ ಸುಮ್ನೆ ಮಲಗಿ ಏಳುವಷ್ಟರಲ್ಲಿ ಯೌವನ ಕಳೆದುಕೊಂಡರು. ಓನರ್‌ಗಳಿಗೆ ಈ ಗೊಂದಲ ಇಲ್ಲ. ಅವರ ಲೆಕ್ಕದಲ್ಲಿ ಮನುಷ್ಯರು ಎರಡೇ ಜಾತಿ: ಫ್ಯಾಮಿಲಿ ಮತ್ತು ಬ್ಯಾಚುಲರ್. 23 ವರ್ಷಕ್ಕೆ ತಾಳಿ ಕಟ್ಟಿದವನು ಫ್ಯಾಮಿಲಿ. 45 ವರ್ಷದ, ಬಿಪಿ ಮಾತ್ರೆ ನುಂಗುವ, ಒಂಬತ್ತೂವರೆಗೆ ಮಲಗುವ ಅವಿವಾಹಿತ ಬ್ಯಾಂಕ್ ಅಧಿಕಾರಿ ಬ್ಯಾಚುಲರ್. ಅವನು ಟೆರೇಸಿನಲ್ಲಿ ಬಿಯರ್ ಬಾಟಲಿ ಒಡೆಯಬಹುದು ಅಂತ ಅವರಿಗೆ ಇವತ್ತಿಗೂ ಅನುಮಾನ. ಹುಡುಗಿಯರು ಯಾವ ವಯಸ್ಸಿನವರಾದರೂ 'ಲೇಡೀಸ್ ಬ್ಯಾಚುಲರ್ಸ್'. ಅವರಿಗೆ ಮನೆ ಬೇಗ ಸಿಗುತ್ತದೆ. ಗೇಟು ಕೂಡ ಬೇಗ ಮುಚ್ಚುತ್ತದೆ.

ನನ್ನ ಅಕ್ಕನ ಮಗ ಜ್ಞಾನಭಾರತಿಯಲ್ಲಿ ಎಂಎಸ್ಸಿಗೆ ಸೇರಿದಾಗ ಮನೆ ಹುಡುಕಲು ನಾನೂ ಜೊತೆಗೆ ಹೋಗಿದ್ದೆ. ನಾಗರಬಾವಿಯ ಒಂದು ಅಡ್ಡರಸ್ತೆ. ಮೂರು ಮಹಡಿ ಮನೆ, ಬಾಗಿಲ ಎದುರಿಗೆ ತುಳಸಿ, ಸಂಪಿನ ಮುಚ್ಚಳದ ಮೇಲೆ ಒಣಗಲು ಇಟ್ಟ ಹಪ್ಪಳ. ಓನರ್ ಅಂಕಲ್ ನನ್ನನ್ನು ಕೂರಿಸಿದರು, ಅವನನ್ನು ನಿಲ್ಲಿಸಿಯೇ ಇಟ್ಟರು.

'ಹೆಸರೇನಪ್ಪಾ?'

'ಚೇತನ್, ಅಂಕಲ್.'

'ಪೂರ್ತಿ ಹೆಸರು?'

'ಚೇತನ್ ಎಸ್.'

'ಎಸ್ ಅಂದ್ರೆ?'

'ಸಾಗರ, ಅಂಕಲ್. ಊರ ಹೆಸರು.'

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಾದರು. ಕನ್ನಡಿಗರ ಇನಿಷಿಯಲ್ಲು ಇದೆಯಲ್ಲ, ಅದರ ಹಿಂದೆ ಊರೂ ಅಡಗಿರಬಹುದು, ಅಪ್ಪನೂ ಅಡಗಿರಬಹುದು. ಅವರಿಗೆ ಬೇಕಾಗಿದ್ದು ಮಾತ್ರ ಅಲ್ಲಿರಲಿಲ್ಲ. 'ತಂದೆ ಹೆಸರೇನು?' ಅಂದರು. 'ಮಂಜುನಾಥ.' ಅದೂ ಕೈಕೊಟ್ಟಿತು. ಮಂಜುನಾಥ ಎಲ್ಲರ ಮನೆಯಲ್ಲೂ ಇರುತ್ತಾನೆ. 'ಯಾವ ಕಡೆಯವರು ನೀವು?' 'ಸಾಗರದ ಕಡೆ.' 'ಅದು ಗೊತ್ತಾಯ್ತಪ್ಪಾ. ನಿಮ್ಮಲ್ಲಿ... ಮನೇಲಿ ಊಟ-ತಿಂಡಿ ಎಲ್ಲ ಹೇಗೆ?' ಅಷ್ಟರಲ್ಲಿ ಆಂಟಿ ಒಳಗಿನಿಂದ ಬಂದರು. 'ಅಡುಗೆಮನೇಲಿ ಏನೇನು ಮಾಡ್ಕೋತೀಯಪ್ಪಾ?' ಅಂತ ನೇರವಾಗಿಯೇ ಕೇಳಿದರು. ಅವನು 'ಮ್ಯಾಗಿ, ಆಂಟಿ' ಅಂದ. ಮನೆ ಸಿಕ್ಕಿತು.

ಹೊರಗೆ ಬಂದ ಮೇಲೆ ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ. 'ಮಾಮಾ, ಊರ ಹೆಸರನ್ನ ಇನಿಷಿಯಲ್ ಅಂತ ಹೇಳೋದು ಸೇಫು. ಅಪ್ಪನದು ಎಂ. ಅದನ್ನ ಆಫೀಸಿಗೆ ಇಟ್ಕೊಂಡಿದೀನಿ.' ಇಪ್ಪತ್ತೆರಡು ವರ್ಷದ ಹುಡುಗ! ಅವನ ಹತ್ತಿರ ಹೀಗೆ ಉತ್ತರಗಳ ಸ್ಟಾಕೇ ಇತ್ತು. ಹಳೇ ಬಡಾವಣೆಯಲ್ಲಾದರೆ 'ಸ್ಟೂಡೆಂಟು', ಹೊಸ ಅಪಾರ್ಟ್‌ಮೆಂಟಿನಲ್ಲಾದರೆ 'ರಿಸರ್ಚ್'. ಕೋಳಿ ತಿನ್ನುವ ವಿಷಯಕ್ಕೆ 'ಮನೇಲಿ ಮಾಡಲ್ಲ' ಅನ್ನುವ ಚಂದದ ಉತ್ತರ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಯುವಜನರ ಮೌಲ್ಯಗಳು ಏನು ಅಂತ ಸಮೀಕ್ಷೆಯವರು ಕೇಳುತ್ತಾರಲ್ಲ, ಅವರು ಬರುವ ಹೊತ್ತಿಗೆ ಈ ಹುಡುಗರು ಹತ್ತಿಪ್ಪತ್ತು ಓನರ್‌ಗಳ ಕೈಯಲ್ಲಿ ಪಳಗಿರುತ್ತಾರೆ. ಯಾರು ಕೇಳುತ್ತಿದ್ದಾರೆ ಅಂತ ಮೊದಲು ನೋಡುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ.

2016ರಲ್ಲಿ ದೆಹಲಿಯ ಸಿಎಸ್‌ಡಿಎಸ್ ಅನ್ನುವ ಸಂಶೋಧನಾ ಸಂಸ್ಥೆಯ ಲೋಕನೀತಿ ತಂಡ 19 ರಾಜ್ಯಗಳಲ್ಲಿ, 15ರಿಂದ 34 ವರ್ಷದ ಆರು ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿತು. ಮದುವೆಯಾಗಿದ್ದವರಲ್ಲಿ ನೂರಕ್ಕೆ 84 ಜನರದ್ದು ಮನೆಯವರೇ ನೋಡಿ ಮಾಡಿದ ಮದುವೆ. ಇದನ್ನು ಓದಿ ಆಗ ಎಷ್ಟೋ ಜನ ಹುಬ್ಬೇರಿಸಿದರು, ಇಷ್ಟು ಸ್ಮಾರ್ಟ್‌ಫೋನ್ ಬಂದ ಮೇಲೂ ಹೀಗಾ ಅಂತ. ಯಾವ ಓನರ್ ಆಂಟಿಯೂ ಹುಬ್ಬೇರಿಸಿರಲಿಕ್ಕಿಲ್ಲ. ಮನೆ ಕೇಳಿಕೊಂಡು ಬಂದ ಜೋಡಿಯ ಹತ್ತಿರ ಅವರು ಮದುವೆ ಫೋಟೋ ಕೇಳುತ್ತಾರೆ. ಫೋಟೋದಲ್ಲಿ ಹುಡುಗ-ಹುಡುಗಿಯನ್ನಲ್ಲ, ಹಿಂದೆ ನಿಂತ ಅಪ್ಪ-ಅಮ್ಮಂದಿರನ್ನು ನೋಡುತ್ತಾರೆ. ಎರಡೂ ಕಡೆಯವರು ನಗುತ್ತಿದ್ದರೆ ಮನೆ ಗ್ಯಾರಂಟಿ.

ಬಾಡಿಗೆದಾರನ ಈ ಕಷ್ಟ ಸಮಾಜಶಾಸ್ತ್ರಜ್ಞರಿಗೆ ತಿಳಿಯದ್ದೇನಲ್ಲ. ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಗೆ ಅಧ್ಯಯನಕ್ಕೆ ಹೋದರು. ರಾಂಪುರ ಅನ್ನುವ ಹೆಸರಲ್ಲಿ ಆಮೇಲೆ ಪ್ರಪಂಚಕ್ಕೆಲ್ಲ ಗೊತ್ತಾದ ಊರು ಅದು. ಅವರಿಗಾಗ 31 ವರ್ಷ. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು, ಇನ್ನೂ ಮದುವೆ ಇಲ್ಲ. ಅಂದರೆ ಶುದ್ಧ ಬ್ಯಾಚುಲರ್. ಊರ ಯಜಮಾನರು ತಮ್ಮ ಎತ್ತುಗಳ ಮನೆಯಲ್ಲಿ ಜಾಗ ಕೊಟ್ಟರು. ಊರನ್ನು ಪರೀಕ್ಷಿಸಲು ಹೋದವರನ್ನೇ ಊರು ಪರೀಕ್ಷೆಗೆ ಹಾಕಿತು. ಸ್ನಾನ ಆದ ಮೇಲೆ ಗಡ್ಡ ಹೆರೆಯುವುದು ಸರಿಯಲ್ಲ, ಬ್ರಾಹ್ಮಣರಾಗಿ ನಿಮಗೆ ಇಷ್ಟೂ ತಿಳಿಯಲ್ವಾ ಅಂತ ಆಕ್ಷೇಪಣೆ ಬಂತು. ಮಾಹಿತಿ ಕೊಡಬೇಕಾದವರೇ ಮಾಹಿತಿ ಕೇಳುತ್ತಿದ್ದರು. ಅಲ್ಲಿನ ಟಿಪ್ಪಣಿಗಳಿಂದ ವಿಂಗಡಿಸಿ ಸಿದ್ಧಮಾಡಿಕೊಂಡಿದ್ದ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿದ್ದು, ಆಮೇಲೆ ಅವರು ನೆನಪಿನ ಬಲದಿಂದಲೇ ಪುಸ್ತಕ ಬರೆದಿದ್ದು ಬೇರೆಯೇ ಕತೆ. ಆಗ ಗಡ್ಡದ ಆಕ್ಷೇಪಣೆ ಅವರಿಗೆ ಮರೆತುಹೋಗಿರಲಿಲ್ಲ ನೋಡಿ. ಕಾಲಾನಂತರ ಅವರು ಬೆಂಗಳೂರಿಗೆ ಬಂದರು. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ ಅನ್ನುವ ಸಮಾಜ-ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಜೊತೆಗೂಡಿದರು. ಆ ಸಂಸ್ಥೆ ಈಗ ಇರುವುದೂ ನಾಗರಬಾವಿಯಲ್ಲೇ. ಅದರ ಕಾಂಪೌಂಡಿನ ಆಚೆ ಎತ್ತ ಹೋದರೂ ಟು-ಲೆಟ್ ಬೋರ್ಡು.

ಇಲ್ಲಿಯವರೆಗೆ ನಗಬಹುದಾದ ಮಾತಾಯಿತು. ಪೂರ್ತಿ ಹೆಸರು ಕೇಳಿದಾಗ ಎಲ್ಲರೂ ಮ್ಯಾಗಿ ಅಂದು ಪಾರಾಗಲು ಆಗುವುದಿಲ್ಲ. ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಬಾಡಿಗೆ ಮನೆಗಳಿಗೆ ಫೋನ್ ಮಾಡಿಸಿ ನೋಡಿದರು. 2015ರಲ್ಲಿ ಅದರ ಫಲಿತಾಂಶ ಬಂತು. ಮೇಲ್ಜಾತಿಯ ಹೆಸರು ಹೇಳಿದವರಿಗೆ ಇಲ್ಲ ಅನ್ನುವ ಮಾತೇ ಬರಲಿಲ್ಲ. ದಲಿತರ ಹೆಸರಿಗೆ ನೂರಕ್ಕೆ ಸುಮಾರು 18 ಸಲ, ಮುಸ್ಲಿಮರ ಹೆಸರಿಗೆ ಸುಮಾರು 31 ಸಲ ಫೋನಿನಲ್ಲೇ ಬಾಗಿಲು ಮುಚ್ಚಿತು. ಮನೆ ನೋಡುವುದಕ್ಕೂ ಮೊದಲೇ. ಬರೀ ಹೆಸರಿಗೆ.

ಇದಕ್ಕೆ ತಿರುಗುಮುರುಗಾದ ಒಂದು ಹಳೇ ಪ್ರಯೋಗ ಅಮೆರಿಕದ್ದು. ಚೀನೀಯರನ್ನು ಕಂಡರೆ ಅಲ್ಲಿ ಆಗದಿದ್ದ ಕಾಲ. ರಿಚರ್ಡ್ ಲಪಿಯೇರ್ ಅನ್ನುವ ಪ್ರೊಫೆಸರು ಒಂದು ಚೀನೀ ಜೋಡಿಯನ್ನು ಕರೆದುಕೊಂಡು ದೇಶ ಸುತ್ತಿದರು. 251 ಹೋಟೆಲು, ವಸತಿಗೃಹಗಳಿಗೆ ಹೋದರು. ಬೇಡ ಅಂದವರು ಒಬ್ಬರೇ. ಆರು ತಿಂಗಳು ಬಿಟ್ಟು ಅದೇ ಜಾಗಗಳಿಗೆ 'ಚೀನೀಯರಿಗೆ ಜಾಗ ಕೊಡ್ತೀರಾ?' ಅಂತ ಕಾಗದ ಬರೆದರು. ಉತ್ತರ ಬರೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮಂದಿ ಕೊಡಲ್ಲ ಅಂದಿದ್ದರು. 1934ರಲ್ಲಿ ಅವರು ಬರೆದ ಈ ಲೇಖನವನ್ನು ಮನಶ್ಶಾಸ್ತ್ರದವರು ಈಗಲೂ ಪಾಠ ಮಾಡುತ್ತಾರೆ. ಎದುರಿಗೆ ಬಂದು ನಕ್ಕ ಜೋಡಿಗೆ ಇಲ್ಲ ಅನ್ನಲು ಕಷ್ಟ. ಕಾಗದಕ್ಕೆ ಸುಲಭ, ಫೋನಿಗೂ ಸುಲಭ. ಹಾಗಾಗಿ ಬ್ರೋಕರ್ ಫೋನಿನಲ್ಲಿ ಪೂರ್ತಿ ಹೆಸರು ಕೇಳಿದಾಗ ನನಗೆ ಮೈಯುರಿಯುತ್ತದೆ. ಮನುಷ್ಯನ ಮುಖ ನೋಡಬೇಕಾದ ಕಷ್ಟವೂ ಬೇಡ ಅಂತಲೇ ಅದನ್ನು ಮೊದಲು ಕೇಳುವುದು.

ಓನರ್‌ಗಳನ್ನು ಬೈದು ಮುಗಿಸಲೂ ಮನಸ್ಸು ಬರುವುದಿಲ್ಲ. ಆ ನಾಗರಬಾವಿಯ ಅಂಕಲ್ ನನ್ನ ಜೊತೆ ಕಾಫಿ ಕುಡಿಯುತ್ತಾ ತಮ್ಮ ಕತೆ ಹೇಳಿದರು. ಅವರೂ ಹಾಸನದ ಕಡೆಯಿಂದ ಡಿಗ್ರಿ ಸರ್ಟಿಫಿಕೇಟ್ ಹಿಡಿದುಕೊಂಡು ಬಂದವರೇ. ಚಾಮರಾಜಪೇಟೆಯ ವಠಾರದಲ್ಲಿ ಒಂದೇ ರೂಮು, ಬೆಳಿಗ್ಗೆ ನಲ್ಲಿಗೆ ಕ್ಯೂ. ರಾತ್ರಿ ಹತ್ತಾದರೆ ಓನರ್ ಮೇನ್ ಸ್ವಿಚ್ಚೇ ತೆಗೆಯುತ್ತಿದ್ದರಂತೆ. 'ನಾನೇನ್ ಕರೆಂಟ್ ತೆಗೀತೀನಾ ಸಾರ್?' ಅಂದರು. ರಿಟೈರಾದಾಗ ಬಂದ ದುಡ್ಡನ್ನೆಲ್ಲ ಮೇಲಿನ ಎರಡು ಮಹಡಿಗೆ ಸುರಿದಿದ್ದಾರೆ. ಈಗ ಮೇಲಿನ ಹುಡುಗರೇ ಅವರ ಪೆನ್ಷನ್ನು. ಮಗ ಟೆಕ್ಸಾಸ್‌ನಲ್ಲಿದ್ದಾನೆ, ಅಲ್ಲಿ ಅವನೂ ಬಾಡಿಗೆ ಮನೆಯಲ್ಲೇ ಇದ್ದಾನೆ. ಅಲ್ಲಿನ ಓನರ್ ಏನೂ ಕೇಳಲಿಲ್ಲವಂತೆ, ಕ್ರೆಡಿಟ್ ಸ್ಕೋರ್ ಒಂದು ಬಿಟ್ಟು. 'ಮನುಷ್ಯ ಎಂಥವನು ಅಂತ ತಿಳ್ಕೊಳ್ದೆ ಹೇಗ್ ಸಾರ್ ಮನೆ ಕೊಡ್ತಾರೆ?' ಅಂತ ಅವರಿಗೆ ನಿಜವಾಗಲೂ ಆಶ್ಚರ್ಯ.

ಜರ್ಮನಿಯ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಸಿಮೆಲ್ 1903ರಲ್ಲೇ ಮಹಾನಗರದ ಮನಸ್ಸಿನ ಬಗ್ಗೆ ಬರೆದಿದ್ದ. ಊರಲ್ಲಿ ಎಲ್ಲರಿಗೂ ಎಲ್ಲರ ವಿಷಯ ಬೇಕು. ಪಟ್ಟಣದಲ್ಲಿ ಯಾರೂ ಯಾರನ್ನೂ ಹಚ್ಚಿಕೊಳ್ಳುವುದಿಲ್ಲ. ಅದರಲ್ಲಿ ಒಂಟಿತನ ಇದೆ, ಅದರಲ್ಲೇ ಸ್ವಾತಂತ್ರ್ಯವೂ ಇದೆ ಅಂತ ಅವನ ವಾದ. ಬರ್ಲಿನ್ನಿನವನು ಪಾಪ, ನಮ್ಮ ಗ್ರೌಂಡ್ ಫ್ಲೋರ್ ನೋಡಿರಲಿಲ್ಲ. ಸಾಗರದಲ್ಲಿ ನಮ್ಮ ಹುಡುಗ ಎಷ್ಟು ಹೊತ್ತಿಗೆ ಮನೆಗೆ ಬಂದ ಅಂತ ಗೊತ್ತಿದ್ದಿದ್ದು ಅವನ ಅಮ್ಮನಿಗೆ ಮಾತ್ರ. ಇಲ್ಲಿ ಗೇಟಿನ ಚಿಲಕದ ಸದ್ದು ಅಂಕಲ್‌ಗೂ ಕೇಳುತ್ತದೆ, ಆಂಟಿಗೂ ಕೇಳುತ್ತದೆ, ಪಕ್ಕದ ಮನೆಯ ಸಿಸಿಟಿವಿಯಲ್ಲೂ ದಾಖಲಾಗುತ್ತದೆ.

ಅದಕ್ಕೇ ಈಗಿನವರು ಫ್ಲಾಟ್‌ಮೇಟ್ ಬೇಕು ಅಂತ ಫೇಸ್‌ಬುಕ್‌ನಲ್ಲಿ ಹಾಕುವಾಗ ಬಾಡಿಗೆ, ಅಡ್ವಾನ್ಸು, ಕಾವೇರಿ ನೀರು ಎಲ್ಲ ಬರೆದು ಕೊನೆಗೆ ಎರಡು ಪದ ಸೇರಿಸುತ್ತಾರೆ: 'ನೋ ರೆಸ್ಟ್ರಿಕ್ಷನ್ಸ್'. ಅದಿದ್ದರೆ ಬಾಡಿಗೆ ಒಂದೆರಡು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ. ಸ್ವಾತಂತ್ರ್ಯಕ್ಕೆ ಯುವಜನ ಎಷ್ಟು ಬೆಲೆ ಕೊಡುತ್ತಾರೆ ಅಂತ ತಿಳಿಯಬೇಕಾದವರು ಈ ಜಾಹೀರಾತುಗಳನ್ನು ಓದಿದರೆ ಸಾಕು, ರೂಪಾಯಿ ಲೆಕ್ಕದಲ್ಲೇ ಸಿಗುತ್ತದೆ.

ಚೇತನ್ ಈಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ಮೂರು ಜನ ಸೇರಿ ಎಚ್‌ಎಸ್‌ಆರ್ ಲೇಔಟಿನಲ್ಲಿ ಫ್ಲಾಟ್ ಮಾಡಿದ್ದರು. ಒಬ್ಬನಿಗೆ ಮದುವೆ ಗೊತ್ತಾಗಿ ಹೊರಟ. ಆ ರೂಮಿಗೆ ಜನ ಬೇಕು ಅಂತ ಹಾಕಿದ್ದೇ ತಡ, ಮೆಸೇಜುಗಳ ಮಳೆ. ಇವರು ಗೂಗಲ್ ಫಾರ್ಮ್ ಮಾಡಿದರು. ನನಗೂ ತೋರಿಸಿದ. ಎಲ್ಲಿ ಕೆಲಸ? ವರ್ಕ್ ಫ್ರಮ್ ಹೋಮಾ? ಸಿಗರೇಟು ಸೇದ್ತೀರಾ? ಸೇದುವವರು ಮನೆಯಲ್ಲಿದ್ದರೆ ಸಹಿಸ್ತೀರಾ? ಬೆಕ್ಕು ಇಷ್ಟಾನಾ? ಪಾತ್ರೆ ತೊಳೆಯುವ ವಿಷಯದಲ್ಲಿ ನಿಮ್ಮ ನಿಲುವೇನು? ಇನ್‌ಸ್ಟಾಗ್ರಾಮ್ ಲಿಂಕ್ ಕೊಡಿ. ಜಾತಿ ಇರಲಿಲ್ಲ, ಅಪ್ಪನ ಹೆಸರು ಇರಲಿಲ್ಲ. ನನಗೆ ಖುಷಿಯಾಯಿತು. ಉಳಿದದ್ದೆಲ್ಲ ಇತ್ತು.

ಎರಡು ವಾರ ಇಂಟರ್‌ವ್ಯೂ ನಡೆಯಿತು. ಕೊನೆಗೆ ಒಬ್ಬ ಹುಡುಗನ ಬಗ್ಗೆ ಹೇಳಿದ. ದಾವಣಗೆರೆಯವನು, ಒಳ್ಳೇ ಕೆಲಸ, ಕುಡಿಯಲ್ಲ, ಸೇದಲ್ಲ, ಬಾಡಿಗೆ ಒಂದನೇ ತಾರೀಕಿಗೇ ಕೊಡ್ತೀನಿ ಅಂದನಂತೆ.

'ಹಾಗಾದ್ರೆ ಕೊಟ್ರಾ?' ಅಂದೆ.

'ಇಲ್ಲ ಮಾಮಾ. ನಿನ್ನೇನೇ ಒಬ್ಬರು ನೋಡ್ಕೊಂಡು ಹೋಗಿದಾರೆ ಅಂದ್ವಿ.'

'ಯಾಕೋ?'

'ಬೆಳಿಗ್ಗೆ ಐದಕ್ಕೆ ಎದ್ದು ಯೋಗ ಮಾಡ್ತಾನಂತೆ. ಅಂಥವನ ಜೊತೆ ಹೇಗ್ ಮಾಮಾ ಇರೋದು?'