ಗ್ಯಾಸಿಗೂ ಒಂದು ಕಾರ್ಡು

ದಾವಣಗೆರೆಯ ಆಸ್ಪತ್ರೆಯೊಂದರ ಓಪಿಡಿ. ಬಿಹಾರದಿಂದ ಗಾರೆ ಕೆಲಸಕ್ಕೆ ಬಂದ ಗಂಡ, ಹೊಟ್ಟೆ ತೊಳೆಸುತ್ತಿದ್ದ ಹೆಂಡತಿ, ಸರ್ಕಾರಿ ಶಾಲೆಯ ಮೂರನೇ ಕ್ಲಾಸಿನ ಮಗ. ಮನೆಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ಹಾಗಾಗಿ ಅವತ್ತು ಶಾಲೆಗೆ ಚಕ್ಕರ್, ದುಭಾಷಿ ಹುದ್ದೆಗೆ ಹಾಜರ್. ಸಂಬಳ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ.

"ಮುಟ್ಟು ನಿಂತು ಎಷ್ಟು ದಿನ ಆಯ್ತಮ್ಮಾ?" ಡಾಕ್ಟರಮ್ಮ ಚೀಟಿಯಿಂದ ತಲೆ ಎತ್ತದೆ ಕೇಳಿದರು.

ಹುಡುಗನಿಗೆ ಗೊತ್ತಿರುವ ಮುಟ್ಟು ಒಂದೇ, ಕೈಯಲ್ಲಿ ಮುಟ್ಟುವುದು. ಅಮ್ಮನನ್ನು ಮುಟ್ಟೋದು ನಿಲ್ಲಿಸಿ ಎಷ್ಟು ದಿನ ಆಯ್ತು ಅಂತ ಅಪ್ಪನಿಗೆ ಹಿಂದಿಯಲ್ಲಿ ಕೇಳಿದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಕೆರಳಿದ: ನಿಲ್ಲಿಸೇ ಇಲ್ಲ!

"ನಿಂತಿಲ್ಲಂತೆ ಮೇಡಂ."

ಮೇಡಂ ಗ್ಯಾಸಿನ ಮಾತ್ರೆ ಬರೆದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ 'ಗರ್ಭಿಣಿಯರು ಪ್ರಥಮ ತ್ರೈಮಾಸಿಕದಲ್ಲಿಯೇ ನೋಂದಾಯಿಸಿಕೊಳ್ಳತಕ್ಕದ್ದು' ಎಂಬ ಫಲಕ. ಯಾರೋ ಅದನ್ನು ಓದಿದ್ದು ಕೇಳಿ ಜಗಳೂರು ಕಡೆಯ ಅಜ್ಜಿ ನನ್ನನ್ನು ವಿಚಾರಿಸಿದಳು: "ಪಿಂಚಣಿದೇನಪ್ಪಾ ಅದು?" ಅಜ್ಜಿ ಹುಟ್ಟಾ ಕನ್ನಡದವಳು.

ಡೆನ್ಮಾರ್ಕಿನವರು ಇದಕ್ಕೆಲ್ಲ ಕಾನೂನು ಮಾಡಿದ್ದಾರೆ. 1999ರಲ್ಲಿ ನಿರಾಶ್ರಿತರಿಗೆ ಮೂರು ವರ್ಷದ ಕಾರ್ಯಕ್ರಮ ತಂದರು, ಅದರಲ್ಲಿ ಡ್ಯಾನಿಶ್ ಪಾಠ. ಭಾಷೆ ಬಂದರೆ ಕೆಲಸ ಸಿಗುತ್ತದೆ, ಡಾಕ್ಟರ ಮುಂದೆ ಬಾಯಿ ಬರುತ್ತದೆ. ಒಳ್ಳೆಯದೇ. ಆದರೆ 2018ರ ಜುಲೈಯಲ್ಲಿ ಲೆಕ್ಕ ಚುಕ್ತಾ ಮಾಡಿದರು: ಬಂದು ಮೂರು ವರ್ಷ ದಾಟಿದವರು, ಕೆಲವರನ್ನು ಬಿಟ್ಟು, ಆಸ್ಪತ್ರೆಯಲ್ಲಿ ದುಭಾಷಿ ಬೇಕೆಂದರೆ ದುಡ್ಡು ಕಟ್ಟಬೇಕು. ಇಷ್ಟು ಕಲಿಸಿದ ಮೇಲೂ ನಿಮ್ಮ ಹೊಟ್ಟೆ ಅರಬ್ಬಿಯಲ್ಲೇ ನೋಯುತ್ತದೆಯೇ?

ನಮ್ಮಲ್ಲಿ ಅಂಥ ಕಟುಕತನವಿಲ್ಲ. ದುಭಾಷಿಗೆ ನಯಾಪೈಸೆ ಕೇಳುವುದಿಲ್ಲ, ದುಭಾಷಿಯೇ ಇಲ್ಲವಲ್ಲ. 'ಕನ್ನಡ ಕಲೀರಿ' ಎಂದು ಗದರುವವರು ಸರ್ಕಲ್ಲಿಗೆ ಹತ್ತು ಜನ. ಸಂಜೆ ಏಳಕ್ಕೆ ಸಿಮೆಂಟಿನ ಕೈ ತೊಳೆದು ಬಂದವನನ್ನು ಕೂರಿಸಿ ಕಲಿಸುವವರು ಕಂಡರೆ ನನಗೂ ತಿಳಿಸಿ. (ಅವರೇನು ನಿರಾಶ್ರಿತರಲ್ಲ, ಇದೇ ದೇಶದವರು ಎಂಬ ತಕರಾರು ಬೇಡ. ಆ ಓಪಿಡಿಯಲ್ಲಿ ಅಜ್ಜಿಯೂ ನಿರಾಶ್ರಿತಳೇ.) ಪುಸ್ತಕ ಸಿಕ್ಕರೂ ಅದರಲ್ಲಿ 'ಆಟೋ ಬರುತ್ತದೆಯೇ?' ಇರುತ್ತದೆ, 'ತಲೆ ಸುತ್ತುತ್ತೆ' ಇರುವುದಿಲ್ಲ.

ಐದನೇ ತಿಂಗಳಿಗೆ ಗ್ಯಾಸು ಒದೆಯಲು ಶುರುಮಾಡಿತು. ಶೆಡ್ಡಿಗೆ ಬಂದ ಆಶಾ ಕಾರ್ಯಕರ್ತೆ ಹೊಟ್ಟೆ ನೋಡಿ ಹೌಹಾರಿದರು: "ಅಯ್ಯೋ, ಇನ್ನೂ ತಾಯಿ ಕಾರ್ಡು ಮಾಡ್ಸಿಲ್ವಾ?"

ಹುಡುಗ ಅಮ್ಮನ ಕಡೆ ತಿರುಗಿದ. "ಅಮ್ಮಾ, ಗ್ಯಾಸಿಗೂ ಕಾರ್ಡು ಮಾಡಿಸ್ಬೇಕಂತೆ."