ಐದನೇ ಸಂಪುಟ ಮತ್ತು ಒಂದು ದೀರ್ಘ

ಗಂಡಸು ಮನೆಯಿಂದ ಹೊರಟರೆ ಒಂದೇ ಕೆಲಸ ಹೇಳಬೇಕು. ನವರಾತ್ರಿಗೆ ನಾಲ್ಕು ದಿನ ಇರುವಾಗ ನನಗೆ ಎರಡು ಹೇಳಿದರು. ಮಗಳಿಗೆ ‘ಏಂಜೆಲಿಕ್ ಲೇಯರ್’ ಮಾಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಐದನೇ ಸಂಪುಟ ಬೇಕು. ಹೆಂಡತಿಗೆ ಕಡಲೆಬೇಳೆ, ಹೆಸರುಬೇಳೆ, ತೆಂಗಿನಕಾಯಿ, ಊದಿನಕಡ್ಡಿ ಬೇಕು. ಮಗಳು ಬಾಯಲ್ಲಿ ಹೇಳಿ ಸುಮ್ಮನಾದಳು. ಇವಳು ಚೀಟಿ ಬರೆದು ಜೇಬಿಗೇ ತುರುಕಿದಳು. ಹದಿನಾಲ್ಕು ವರ್ಷ ನನ್ನ ಜೊತೆ ಏಗಿದ ಅನುಭವ ಅದು.

ಬೇಳೆಗೆ ದೂರ ಹೋಗಬೇಕಾಗಿರಲಿಲ್ಲ. ನಾವಿರುವುದು ಟೋಕಿಯೊದ ನಿಶಿ-ಕಸಾಯಿಯಲ್ಲಿ. ಸ್ಟೇಷನ್ ಎದುರು ನಿಂತು “ರೀ ಮೂರ್ತಿ” ಎಂದು ಕೂಗಿದರೆ ಇಬ್ಬರಾದರೂ ತಿರುಗಿ ನೋಡುವಷ್ಟು ನಮ್ಮವರಿದ್ದಾರೆ. ಹಳೆಯ ಮಾಂಗಾ ಬೇಕೆಂದರೆ ಮಾತ್ರ ಜಿಂಬೋಚೋಗೆ ಹೋಗಬೇಕು. ಅಲ್ಲಿ ಬೀದಿಗೆ ಬೀದಿಯೇ ಹಳೆ ಪುಸ್ತಕದ ಅಂಗಡಿ. ಮೊದಲ ನಾಲ್ಕು ಸಂಪುಟಗಳನ್ನು ಮಗಳು ಗೆಳತಿಯ ಅಮ್ಮನ ಕಪಾಟಿನಿಂದ ತಂದು ಓದಿದ್ದಳು. ಆ ತಾಯಿ ಹುಡುಗಿಯಾಗಿದ್ದಾಗ ಕೊಂಡ ಪುಸ್ತಕಗಳು. ಐದನೆಯದನ್ನು ಆ ಕಾಲದಲ್ಲೇ ಯಾರೋ ಓದಲು ಒಯ್ದು ಹಿಂದಿರುಗಿಸಿಲ್ಲವಂತೆ. ಈ ವಿಷಯದಲ್ಲಿ ಮೈಸೂರಿಗೂ ಟೋಕಿಯೊಗೂ ಏನೂ ವ್ಯತ್ಯಾಸವಿಲ್ಲ.

ಇದು ಕ್ಲಾಂಪ್ ಎಂಬ ಹೆಂಗಸರ ತಂಡ 1999ರಿಂದ 2001ರವರೆಗೆ ಧಾರಾವಾಹಿಯಾಗಿ ಬರೆದ ಕಥೆ. ಹನ್ನೆರಡು ವರ್ಷದ ಮಿಸಾಕಿ ಚಿಕ್ಕಮ್ಮನ ಮನೆಯಲ್ಲಿರಲು ಟೋಕಿಯೊಗೆ ಬರುತ್ತಾಳೆ. ಸ್ಟೇಷನ್ ಹೊರಗಿನ ದೊಡ್ಡ ಪರದೆಯಲ್ಲಿ ಗೊಂಬೆಗಳ ಕಾಳಗ ನೋಡಿ ಮರುಳಾಗುತ್ತಾಳೆ. ಬಿಳಿ ಕೋಟಿನ ಇಚ್ಚಾನ್ ಎಂಬ ತಿಕ್ಕಲು ಮನುಷ್ಯ ಗಂಟುಬಿದ್ದು, ಗೊಂಬೆಯನ್ನೂ ಅದರ ಸಾಮಾನನ್ನೂ ಕೊಳ್ಳಿಸಿ ಅವಳ ಪರ್ಸು ಬರಿದು ಮಾಡಿಸುತ್ತಾನೆ. ಗೊಂಬೆಗೆ ಅವಳಿಡುವ ಹೆಸರು ಹಿಕಾರು. ಆಡುವವರು ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಅಖಾಡದಲ್ಲಿ ಗೊಂಬೆ ಹಾರಿ ಒದೆಯುತ್ತದೆ. (ಸಿಂಕಿನಲ್ಲಿರುವ ಪಾತ್ರೆಗಳಿಗೆ ನಾನೂ ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ನೋಡಿದ್ದೇನೆ.) ಕೊನೆಗೆ ಪುಟಾಣಿ ಹಿಕಾರುಗೆ ಎದುರಾಗುವುದು ಚಾಂಪಿಯನ್ ಅಥೆನಾ. ಅಥೆನಾಳನ್ನು ಆಡಿಸುವವಳು ಮಿಸಾಕಿ ವರ್ಷಗಟ್ಟಲೆ ಕಾಣದ ಅವಳ ಹೆತ್ತ ತಾಯಿ! ಇಷ್ಟೆಲ್ಲ ಗೊತ್ತಾದ ಮೇಲೆ ಐದನೇ ಸಂಪುಟವಿಲ್ಲದೆ ಮಗಳಿಗೆ ಊಟ ಸೇರದಿದ್ದರೆ ತಪ್ಪು ಅವಳದಲ್ಲ.

ಮೂರನೇ ಅಂಗಡಿಯಲ್ಲಿ ಪುಸ್ತಕ ಸಿಕ್ಕಿತು. ಕುದಾನ್‌ಶಿತಾಗೆ ನಡೆದು ಹೋಗಿ ತೋಜಾಯ್ ಲೈನ್ ಮೆಟ್ರೊ ಹತ್ತಿದೆ. ಸೀಟೂ ಸಿಕ್ಕಿತು. ನಮ್ಮ ಕನ್ನಡ ಪುಸ್ತಕದಂತೆ ತೆರೆದೆ. ಮಾಂಗಾ ಓದುವುದು ಬಲದಿಂದ ಎಡಕ್ಕೆ, ಎದುರಿಗೇ ಕೊನೆಯ ಪುಟ! ಪರರ ಪತ್ರ ಒಡೆದವನ ಹಾಗೆ ತಟ್ಟನೆ ಮುಚ್ಚಿ, ತಿರುಗಿಸಿ ಹಿಡಿದು, ಚಿತ್ರ ನೋಡುತ್ತಾ ಹೋದೆ. ನನಗೆ ಬರುವ ಜಪಾನಿ ಅಕ್ಷರಗಳಿಗೆ ಅಷ್ಟೇ ಸಾಧ್ಯ. ಗುರುತಿಗೆ ಜೇಬಿನ ಚೀಟಿಯನ್ನೇ ಇಟ್ಟೆ.

ರೈಲು ನೆಲದಡಿಯಿಂದ ಮೇಲೆ ಬಂದು ಅರಾಕಾವಾ ನದಿ ದಾಟಿತು. ಇಳಿಯಲು ಎದ್ದು ನಿಂತೆ. ನಿಶಿ-ಕಸಾಯಿ ಬಂತು, ಹೋಯಿತು. ನಾನು ಹತ್ತಿದ್ದು ಕಾಯ್ಸೊಕು, ಅಂದರೆ ವೇಗದ ಗಾಡಿ. ಅದು ತೋಯೊಚೋ ಬಿಟ್ಟರೆ ಮಧ್ಯದ ಮೂರು ಸ್ಟೇಷನ್ ಹಾರಿಸಿ ಉರಯಾಸುವಿನಲ್ಲೇ ನಿಲ್ಲುವುದು. ಹತ್ತು ವರ್ಷದಿಂದ ಗೊತ್ತಿರುವ ವಿಷಯ. ಕಿಟಕಿಯಲ್ಲಿ ನನ್ನದೇ ಸ್ಟೇಷನ್, ನನ್ನದೇ ಬೇಳೆ ಅಂಗಡಿಯ ದಿಕ್ಕು, ಎಲ್ಲವೂ ಸರ್ರನೆ ಹಿಂದೆ ಸರಿದವು. ಆ ಗಾಬರಿಯಲ್ಲಿ ಬಾಗಿಲಿಗೆ ಅಂಟಿಕೊಂಡೇ ನಿಂತವನು, ಉರಯಾಸುವಿನಲ್ಲಿ ಬಾಗಿಲು ತೆರೆದೊಡನೆ ಧುಮುಕಿದೆ. ಐದನೇ ಸಂಪುಟ ಸೀಟಿನ ಮೇಲೆ ಕೂತು ಪ್ರಯಾಣ ಮುಂದುವರಿಸಿತು.

ಸ್ಟೇಷನ್ನಿನ ಕಳೆದ ಸಾಮಾನಿನ ಕೌಂಟರಿನಲ್ಲಿ ಯುವಕನೊಬ್ಬ ಫಾರಂ ಹಿಡಿದು ನನ್ನ ಮುಂದೆ ಕೂತ. ಏನು ಕಳೆದಿದೆ? ಮಾಂಗಾ. ಹೆಸರು? ನಾನು “ಏಂಜೆಲಿಕ್ ಲೇಯರ್” ಅಂದೆ. ಅವನ ಕಿವಿ “ಎಂಜೆರಿಕ್ಕು ರೇಯಾ” ಎಂಬುದಕ್ಕೆ ಕಾದಿತ್ತು. ಎರಡೂ ಭೇಟಿಯಾಗಲೇ ಇಲ್ಲ. ಸರಿ, ಕಥೆ ಹೇಳೋಣ ಅಂದುಕೊಂಡೆ. ಮೀಸೆ ಹೊತ್ತ ನಲವತ್ತೈದರ ಗಂಡಸು, ಹಿಂದೆ ಆರು ಜನರ ಸಾಲು. “ನಿಂಗ್ಯೊ ಜಗಳ ಆಡುತ್ತವೆ” ಎಂದೆ.

ಅವನು ಪೆನ್ನು ಎತ್ತಿದ. “ಸಮುದ್ರದಲ್ಲಾ?”

“ಅಲ್ಲ, ಟೋಕಿಯೊದಲ್ಲಿ.”

ಅವನು ಏನೂ ಮಾತಾಡದೆ ಬರೆದುಕೊಂಡ. ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ನೆಲಕ್ಕೆ ಬಿದ್ದು ಹೊರಳಾಡಿ ನಕ್ಕಳು. ಕೊನೆಯ ಸ್ವರ ದೀರ್ಘವಾದರೆ, ‘ನಿಂಗ್ಯೋ’ ಅಂದರೆ, ಗೊಂಬೆ. ಹ್ರಸ್ವವಾದರೆ ಮತ್ಸ್ಯಕನ್ಯೆ. ಕಂದಪದ್ಯಕ್ಕೆ ಗುರು-ಲಘು ಹಾಕಿಸುತ್ತ ನನ್ನ ಕಿವಿ ಹಿಂಡಿದ ಮೇಷ್ಟ್ರು ಇಲ್ಲೂ ಬೇಕಿತ್ತು.

ನಕ್ಕು ಮುಗಿದ ಮೇಲೆ ಅವಳಿಗೆ ಪುಸ್ತಕ ಬಂದಿಲ್ಲವೆಂಬುದು ಹೊಳೆಯಿತು. “ಹಾಗಾದ್ರೆ ಫೈನಲ್ ನಾನೇ ಮಾಡ್ತೀನಿ” ಎಂದು ಒಳಗೆ ಹೋದಳು. ಒಳಗೆ ರಟ್ಟಿನ ಡಬ್ಬಗಳನ್ನು ಜೋಡಿಸಿ, ಪಂಚೆ ಹೊದಿಸಿ, ಮೂರು ಮೆಟ್ಟಿಲ ದಸರಾ ಗೊಂಬೆ ಸಿದ್ಧವಾಗುತ್ತಿತ್ತು. ಅಖಾಡಕ್ಕೆ ಊಟದ ಮಣೆ. ಮಣೆಯಿಂದ ಹೊರಗೆ ಬಿದ್ದವರು ಸೋತಂತೆ. ಒಂದು ಕಡೆ ಅವಳ ಪ್ಲಾಸ್ಟಿಕ್ ಗೊಂಬೆ ರಿಕಾ-ಚಾನ್. ಇನ್ನೊಂದು ಕಡೆ ಚಾಂಪಿಯನ್ ಸ್ಥಾನದಲ್ಲಿ ನಮ್ಮ ಪಟ್ಟದ ರಾಣಿ, ನಮ್ಮ ಮದುವೆಯಲ್ಲಿ ಮಾವನವರು ಕೊಟ್ಟ ಮರದ ಜೋಡಿಯಲ್ಲಿ ಒಬ್ಬಳು. ರಾಣಿಗೆ ತೂಕವಿದೆ, ಚುರುಕಿಲ್ಲ. ಮೂರನೇ ಒದೆತಕ್ಕೆ ನೆಲಕ್ಕುರುಳಿ ಮೂಗಿನ ತುದಿ ಹಾರಿತು. ರಾಜ ಮೇಲಿನ ಮೆಟ್ಟಿಲಿನಿಂದ ಎಲ್ಲ ನೋಡುತ್ತಾ ಸುಮ್ಮನೆ ನಿಂತಿದ್ದ. ನಾನೂ ಹಾಗೇ ನಿಂತಿದ್ದೆ.

ಮರುದಿನ ಗೊಂಬೆ ನೋಡಲು ಬಂದ ಕೆಳಗಿನ ಮನೆಯ ಅಜ್ಜಿ ರಾಣಿಯ ಮೂಗು ಕಂಡು ಮರುಗಿದರು. ಇಲ್ಲಿಯವರು ಹಳೆಯ ಗೊಂಬೆಯನ್ನು ಹಾಗೇ ಕಸಕ್ಕೆ ಹಾಕುವುದಿಲ್ಲ. ಉಯೆನೊದ ಕಿಯೊಮಿಜು ಕನ್ನನ್-ದೋ ದೇವಾಲಯದಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 25ಕ್ಕೆ ಮಂತ್ರ ಹೇಳಿ ಗೊಂಬೆಗಳನ್ನು ಬೀಳ್ಕೊಡುತ್ತಾರೆ. ಅಜ್ಜಿ ಪಾಪ, ಆ ವಿಳಾಸ ಬರೆದುಕೊಟ್ಟು ಹೋದರು. ನಾನು ಅದನ್ನು ಅನುವಾದಿಸಿ ಹೇಳಬಾರದಿತ್ತು.

“ನಮ್ಮಪ್ಪ ಕೊಟ್ಟ ರಾಣಿಗೆ ಬದುಕಿದ್ದಾಗಲೇ ತಿಥಿ ಮಾಡಿಸ್ತೀರೇನ್ರೀ?”

ರಾಣಿಗೆ ಮಗಳ ಕ್ರಾಫ್ಟ್ ಮಣ್ಣಿನಿಂದ ಹೊಸ ಮೂಗು ಬಂತು. ಅದು ಹಳೆಯದಕ್ಕಿಂತ ತುಸು ದಪ್ಪ. ಮೂಗುತಿ ಬರೆದರೆ ತಿಳಿಯುವುದಿಲ್ಲ ಎಂದು ಮಗಳು ಬರೆದಳು. ಈಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಆ ಸಂಜೆಯೇ ಫೋನ್ ಬಂತು. ಪುಸ್ತಕ ಕೊನೆಯ ಸ್ಟೇಷನ್ ನಿಶಿ-ಫುನಾಬಾಶಿಯವರೆಗೆ ಹೋಗಿ ಕ್ಷೇಮವಾಗಿತ್ತು. ನನಗಿಂತ ಹೆಚ್ಚು ಊರು ನೋಡಿತ್ತು. ಅಲ್ಲಿಗೆ ಹೋದಾಗ ಬೇರೊಬ್ಬ ಹಿರಿಯ ಸಿಬ್ಬಂದಿ ಫಾರಂ ಓದಿದರು, ಪುಸ್ತಕ ನೋಡಿದರು, ಮತ್ತೆ ಫಾರಂ ನೋಡಿದರು. ಮತ್ಸ್ಯಕನ್ಯೆ ಎಲ್ಲೂ ಇರಲಿಲ್ಲ. ಇದು ನಿಮ್ಮದೇ ಎನ್ನಲು ಏನಾದರೂ ಗುರುತು? ಒಳಗೊಂದು ಚೀಟಿ ಇದೆ ಎಂದೆ. ಅವರು ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಲೆಕೆಳಗಾಗಿಯೇ ನನ್ನ ಮುಂದಿಟ್ಟು, ಓದಿ ಎಂದರು.

ನಾನು ನೆಟ್ಟಗೆ ನಿಂತು ಓದಿದೆ. “ಕಡಲೆಬೇಳೆ ಅರ್ಧ ಕೆ.ಜಿ. ಹೆಸರುಬೇಳೆ ಅರ್ಧ ಕೆ.ಜಿ. ತೆಂಗಿನಕಾಯಿ ಎರಡು. ಊದಿನಕಡ್ಡಿ.” ಒಂದೊಂದು ಸಾಲಿಗೂ ಅವರು ಗಂಭೀರವಾಗಿ ತಲೆದೂಗಿದರು. ಕನ್ನಡ ಓದಿದ್ದಕ್ಕೆ ನನಗೆ ಇಷ್ಟು ಮರ್ಯಾದೆ ಶಾಲೆಯಲ್ಲೂ ಸಿಕ್ಕಿರಲಿಲ್ಲ. ಕೆಳಗೆ ಎರಡು ಗೆರೆ ಎಳೆದು ಬರೆದದ್ದು ಏನು ಎಂದು ಬೆರಳಿಟ್ಟು ಕೇಳಿದರು.

“ಮರೆತು ಬರಬೇಡಿ” ಎಂದು ಓದಿ, ಅರ್ಥವನ್ನೂ ಹೇಳಿದೆ. ಮುಖ ತಗ್ಗಿಸಿ ಸೀಲು ಒತ್ತುವಾಗ ಅವರ ಭುಜ ಕುಲುಕುತ್ತಿತ್ತು.

ಮನೆಗೆ ಬಂದೊಡನೆ ಮಗಳು ಪುಸ್ತಕ ಕಿತ್ತುಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಗೆದ್ದವನ ಹಾಗೆ ಅಡುಗೆಮನೆಗೆ ಹೋಗಿ, “ಚೀಟಿನೂ ಸಿಕ್ತು” ಎಂದು ಕೈಗೆ ಕೊಟ್ಟೆ.

ಅವಳು ಚೀಟಿಯನ್ನು ನೋಡಲಿಲ್ಲ. ನನ್ನ ಇನ್ನೊಂದು ಕೈಯನ್ನು ನೋಡಿದಳು.

“ಬೇಳೆ?”