ಸತ್ಯಾಂಶ: ಹಸ್ತಪ್ರತಿಯನ್ನು ನಮಗೆ ನಾವೇ ಅಂಚೆಗೆ ಹಾಕಿಕೊಂಡರೆ ಹಕ್ಕುಸ್ವಾಮ್ಯ ಸಿಗುತ್ತದೆಯೇ?

"ಕಾದಂಬರಿಯ ಹಸ್ತಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಿಮ್ಮ ವಿಳಾಸಕ್ಕೇ ಕಳಿಸಿ, ಲಕೋಟೆ ಒಡೆಯದೆ ಇಡಿ. ಆಮೇಲೆ ಯಾರಿಗೆ ಕಥೆ ಹೇಳಿದರೂ ಕದಿಯಲಾಗದು" ಎಂಬ ಸಂದೇಶ ಬರಹಗಾರರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ತಪ್ಪು.

1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬರೆದಿಟ್ಟಾಗಲೇ ಹಕ್ಕು ಲೇಖಕರದು, ನೋಂದಣಿಯೂ ಕಡ್ಡಾಯವಲ್ಲ. ಲಕೋಟೆ ಹೊಸದಾಗಿ ಏನನ್ನೂ ಕೊಡುವುದಿಲ್ಲ. ಅಂಟಿಸದ ಲಕೋಟೆಯನ್ನು ಅಂಚೆಗೆ ಹಾಕಿ, ಮುದ್ರೆ ಬಿದ್ದ ಮೇಲೆ ಹಾಳೆ ತುರುಕಿರಬಹುದಲ್ಲ ಎಂದು ಎದುರು ವಕೀಲರು ಕೇಳಿದರೆ ಸಾಕು, ಆ ಸಾಕ್ಷ್ಯ ಸಡಿಲವಾಗುತ್ತದೆ. (ಅಂದಹಾಗೆ, ರಿಜಿಸ್ಟರ್ಡ್ ಪೋಸ್ಟ್ 2025ರಲ್ಲೇ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ.)

ಗಟ್ಟಿ ದಾಖಲೆ ಬೇಕೆಂದರೆ ಹಕ್ಕುಸ್ವಾಮ್ಯ ಕಚೇರಿಗೆ 14ನೇ ನಮೂನೆಯಲ್ಲಿ ಅರ್ಜಿ ಹಾಕಿ. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ಕಾಯ್ದೆಯ 48ನೇ ಸೆಕ್ಷನ್ನಿನಡಿ ಆ ನೋಂದಣಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಅಂದರೆ ತಪ್ಪೆಂದು ಸಾಬೀತಾಗುವವರೆಗೆ ಕೋರ್ಟ್ ಅದನ್ನು ಒಪ್ಪುತ್ತದೆ.

ಇನ್ನು ಬರಹಗಾರ ಗೆಳೆಯರೊಡನೆ ಕೂತು ಹಂಚಿಕೊಂಡ ಕಥೆಯ ಎಳೆ? ಬರೀ ಎಳೆಗೆ ಹಕ್ಕುಸ್ವಾಮ್ಯವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ರಕ್ಷಣೆ ಇರುವುದು ಅದನ್ನು ಬರೆದ ರೀತಿಗೆ. ಹರಟೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಪ್ರಕಾಶಕರ ಕರಾರಿನಲ್ಲಿ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಎಣಿಸುತ್ತದೆ.